ಜೀನ್ ಚಿಕಿತ್ಸೆಯ ಸುದ್ದಿಗೆ ಕರಡು ತಿದ್ದುವ ಬಗೆ

ಮೂವತ್ತು ವರ್ಷ ಕರಡು ತಿದ್ದಿ ಹೊಟ್ಟೆ ಹೊರೆದವನು ನಾನು. ಪಾರ್ಕಿನ್ಸನ್ ಅಂಟಿಕೊಂಡು ಏಳು ವರ್ಷವಾಯಿತು. ಕೆಂಪು ಪೆನ್ನು ಈಗ ಬಲಗೈಯಲ್ಲಿ ತನ್ನಿಷ್ಟಕ್ಕೆ ಕುಣಿಯುತ್ತದೆ. ಆದರೂ ಅಳಿಯ ಮೊಬೈಲಿಗೆ ಕಳುಹಿಸುವ ‘ಜೀನ್ ಚಿಕಿತ್ಸೆಯಿಂದ ಪಾರ್ಕಿನ್ಸನ್ ಗುಣ’ ಎಂಬಂಥ ಸುದ್ದಿಗಳನ್ನು ಹಳೆಯ ಅಭ್ಯಾಸದಂತೆ ವಿಭಕ್ತಿ ಹಿಡಿದೇ ಓದುತ್ತೇನೆ. ನೀವೂ ಹಾಗೆ ಓದಬಹುದು.

ಮೊದಲು ಚತುರ್ಥಿ: ಗುಣವಾದದ್ದು ಯಾರಿಗೆ? ಗಾಜಿನ ತಟ್ಟೆಯ ಜೀವಕೋಶಕ್ಕೋ, ಇಲಿಗೋ, ಮನುಷ್ಯನಿಗೋ? ಇಲಿಗಾದರೆ, ಅದಕ್ಕೆ ಕಾಯಿಲೆ ಬರಿಸಿದ್ದು ಹೇಗೆಂದು ನೋಡಿ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಲಬೆರಕೆ ಮಾದಕದ್ರವ್ಯ ಚುಚ್ಚಿಕೊಂಡ ಕೆಲವು ಯುವಕರು ಇದ್ದಕ್ಕಿದ್ದಂತೆ ಪಾರ್ಕಿನ್ಸನ್ ಬಂದವರಂತೆ ಮರಗಟ್ಟಿದರು. ಅದರಲ್ಲಿದ್ದ ಎಂಪಿಟಿಪಿ ಎಂಬ ವಸ್ತು, ಚಲನೆಗೆ ಬೇಕಾದ ಡೋಪಮೈನ್ ರಾಸಾಯನಿಕ ತಯಾರಿಸುವ ಮಿದುಳಿನ ಕೋಶಗಳ ಮೈಟೊಕಾಂಡ್ರಿಯಾಗಳಿಗೆ, ಅಂದರೆ ಕೋಶದೊಳಗಿನ ಶಕ್ತಿ ಘಟಕಗಳಿಗೆ, ಪೆಟ್ಟು ಕೊಟ್ಟಿತ್ತು. ಇಂದಿಗೂ ಇಲಿಗಳಿಗೆ ಅದನ್ನೇ ಚುಚ್ಚುವುದುಂಟು. ನಮ್ಮ ಮಿದುಳಿನಲ್ಲಿ ವರ್ಷಗಟ್ಟಲೆ ನಡೆಯುವ ಹಾನಿ ಅಲ್ಲಿ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಎಷ್ಟೋ ಪ್ರಯೋಗಗಳಲ್ಲಿ ವಿಷಕ್ಕಿಂತ ಮೊದಲೇ ಜೀನನ್ನು ಕೊಟ್ಟಿರುತ್ತಾರೆ. ಅದು ಕಾಪಾಡಿದ ಕಥೆ, ಗುಣಪಡಿಸಿದ ಕಥೆಯಲ್ಲ.

ಆಮೇಲೆ ದ್ವಿತೀಯಾ: ಯಾವ ಜೀನನ್ನು ಕೊಟ್ಟರು? ಮೈಟೊಕಾಂಡ್ರಿಯಾ ದುರಸ್ತಿಯ ಮಾತಾದರೆ ಪಿಂಕ್1, ಪಾರ್ಕಿನ್ ಎಂಬ ಹೆಸರುಗಳು ಸಿಗಬೇಕು. ಇವುಗಳ ಕೆಲಸ ನನಗೆ ಬಹಳ ಹತ್ತಿರದ್ದು. ಕೆಟ್ಟ ಮೈಟೊಕಾಂಡ್ರಿಯಾದ ಮೇಲೆ ಪಿಂಕ್1 ಜಮೆಯಾಗಿ ಪಾರ್ಕಿನ್‌ನನ್ನು ಕರೆಯುತ್ತದೆ, ಇಬ್ಬರೂ ಸೇರಿ ಗುರುತು ಹಾಕುತ್ತಾರೆ, ಗುರುತು ಬಿದ್ದದ್ದನ್ನು ಕೋಶ ಅರಗಿಸಿಬಿಡುತ್ತದೆ. ಎರಡರಲ್ಲೊಂದು ಕೈಕೊಟ್ಟರೆ ತಪ್ಪುಗಳು ಹಾಗೆಯೇ ಅಚ್ಚಾದಂತೆ. ಮೈಟೊಕಾಂಡ್ರಿಯಾಕ್ಕೆ ತನ್ನದೇ ಪುಟ್ಟ ಡಿಎನ್‌ಎ ಇದ್ದರೂ ಈ ಎರಡು ಜೀನ್‌ಗಳಿರುವುದು ಕೋಶಕೇಂದ್ರದಲ್ಲಿ. ಹಾಗಾಗಿ ಜೀನನ್ನು ಕೋಶದೊಳಕ್ಕೆ ಹೊತ್ತೊಯ್ಯಲು ಬಳಸುವ ವೈರಸ್ ಕೋಶಕೇಂದ್ರ ತಲುಪಿದರೆ ಸಾಕು. ಸಾಮಾನ್ಯವಾಗಿ ಬಳಸುವ ಎಎವಿ ವೈರಸ್ ಹೊರುವುದು ಸುಮಾರು 4,700 ಡಿಎನ್‌ಎ ಅಕ್ಷರ. ಇವೆರಡರಲ್ಲೂ ಪ್ರೋಟೀನಿನ ಪಾಠ ಬರೆದಿರುವ ಭಾಗ ಗಿಡ್ಡದು, ಅಷ್ಟನ್ನೇ ಕೊಟ್ಟರೆ ಹಿಡಿಸುತ್ತದೆ. ಆದರೆ ಪಾರ್ಕಿನ್ಸನ್ ರೋಗಿಗಳಲ್ಲಿ ಈವರೆಗೆ ಪ್ರಯೋಗವಾದ ಜೀನ್ ಚಿಕಿತ್ಸೆಗಳಲ್ಲಿ ಹೆಚ್ಚಿನವು ಈ ದುರಸ್ತಿಯವಲ್ಲ. ಡೋಪಮೈನ್ ಹೆಚ್ಚಿಸುವ ಅಥವಾ ನರಕೋಶಗಳಿಗೆ ಪೋಷಕ ಪ್ರೋಟೀನ್ ಒದಗಿಸುವಂಥವು. ಶೀರ್ಷಿಕೆ ಬರೆದವರಿಗೆ ಎಲ್ಲವೂ ಒಂದೇ.

‘ಉತ್ತಮ’ ಎಂಬ ಪದ ಕಂಡಲ್ಲಿ ಪೆನ್ನು ನಿಲ್ಲಿಸಿ: ಯಾವುದಕ್ಕಿಂತ? ನ್ಯೂರ್ಟುರಿನ್ ಎಂಬ ಪೋಷಕ ಪ್ರೋಟೀನಿನ ಜೀನನ್ನು 58 ರೋಗಿಗಳ ಪ್ರಯೋಗದಲ್ಲಿ ಪರೀಕ್ಷಿಸಿದ್ದರು. ಕೆಲವರಿಗೆ ನಿಜವಾದ ಶಸ್ತ್ರಚಿಕಿತ್ಸೆ, ಉಳಿದವರಿಗೆ ತೋರಿಕೆಯದು. ವರ್ಷದ ಬಳಿಕ ಎರಡೂ ಗುಂಪಿನವರು ಸುಧಾರಿಸಿದ್ದರು. ಗುಂಪುಗಳ ನಡುವೆ ಗಣನೀಯ ವ್ಯತ್ಯಾಸವೇ ಇರಲಿಲ್ಲ. 2010ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಭರವಸೆಯೊಂದೇ ಕೈನಡುಕವನ್ನು ಇಷ್ಟು ಇಳಿಸಬಲ್ಲದೇ!

ಇಷ್ಟು ತಿದ್ದಿದ ಮೇಲೂ ಸುದ್ದಿ ನಿಂತರೆ ನರರೋಗ ತಜ್ಞರ ಬಳಿ ಒಯ್ಯಿರಿ. ಜೀನ್ ಪರೀಕ್ಷೆ ಬೇಕೇ ಎಂದು ಕೇಳಿ, ಮುಖ್ಯವಾಗಿ ಕಾಯಿಲೆ ಚಿಕ್ಕ ವಯಸ್ಸಿನಲ್ಲೇ ಬಂದಿದ್ದರೆ. ಸುದ್ದಿಯನ್ನು ನಂಬಿ ಮಾತ್ರೆ ನಿಲ್ಲಿಸಬೇಡಿ. ಪ್ರಯೋಗಕ್ಕೆ ಸೇರಲು ದೊಡ್ಡ ಮೊತ್ತ ಕೇಳುವವರಿಂದ ದೂರವಿರಿ.

ಮೊನ್ನೆ ಅಳಿಯ ಮತ್ತೊಂದು ಸುದ್ದಿ ಕಳುಹಿಸಿದ. ‘ಯಾರಿಗೆ?’ ಎಂದಷ್ಟೇ ಬರೆದೆ. ಹತ್ತು ನಿಮಿಷ ಬಿಟ್ಟು ಉತ್ತರ ಬಂತು: ‘ಇಲಿಗೆ, ಮಾವ.’