ನೀರಿನ ಜಾಡು ಹಿಡಿದು: ಉಜೆಸ್‌ನಿಂದ ನೀಮ್‌ವರೆಗೆ ನಮ್ಮ ಕಾರು ಪ್ರವಾಸ

ದಕ್ಷಿಣ ಫ್ರಾನ್ಸಿನಲ್ಲಿ ರೋಮನ್ನರ ಕಾಲದ ಕಟ್ಟಡಗಳು ಬೇಕಾದಷ್ಟಿವೆ. ನೀಮ್, ಆರ್ಲ್, ಒರಾಂಜ್ ಅಂತ ಪಟ್ಟಿ ಹಿಡಿದು ಓಡಿದರೆ ಊರಿಗೆ ಬರುವಷ್ಟರಲ್ಲಿ ಎಲ್ಲ ಕಲಸಿ ಹೋಗಿರುತ್ತದೆ. ಅದಕ್ಕೇ ನಾನೂ ನಮ್ಮನೆಯವರೂ ಒಂದೇ ಒಂದು ಕೆಲಸ ಆರಿಸಿಕೊಂಡೆವು. ನೀಮ್ ಊರಿಗೆ ನೀರು ತರುತ್ತಿದ್ದ ರೋಮನ್ ಕಾಲುವೆಯನ್ನು ಬುಗ್ಗೆಯಿಂದ ತೊಟ್ಟಿಯವರೆಗೆ ಕಾರಿನಲ್ಲಿ ಹಿಂಬಾಲಿಸುವುದು. ಅವರು ನೀರಾವರಿ ಕೆಲಸ ಮಾಡಿದವರು. ಕಾಲುವೆ ಅಂದರೆ ಊಟ ನಿದ್ದೆ ಮರೆಯುತ್ತಾರೆ.

ಊರು ಬಿಡುವ ಮೊದಲೇ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡಿದ್ದೆವು. ಆವಿನ್ಯೋನ್‌ನ ರೈಲ್ವೆ ಸ್ಟೇಷನ್ ಹತ್ತಿರ ಕಾರು ಬಾಡಿಗೆಗೆ ತೆಗೆದುಕೊಂಡೆವು. ಆಟೊಮ್ಯಾಟಿಕ್ ಬೇಕಿದ್ದರೆ ಮುಂಚೆಯೇ ಬುಕ್ ಮಾಡಿ, ಅಲ್ಲಿ ಗೇರ್ ಗಾಡಿಗಳೇ ಜಾಸ್ತಿ. ರಸ್ತೆಯ ಬಲಗಡೆ ಓಡಿಸಬೇಕು. ಹೆಜ್ಜೆಗೊಂದು ಸರ್ಕಲ್ ಬರುತ್ತದೆ, ಒಳಗಿರುವ ಗಾಡಿಗೆ ಮೊದಲು ದಾರಿ. ಓಡಿಸುವುದು ಅವರು, ದಾರಿ ಹೇಳುವುದು ನಾನು. "ಎರಡನೇದು ಬಿಡಿ, ಮೂರನೇ ದಾರಿ ರೀ" ಅನ್ನುತ್ತಾ ಹೋದರೆ ಅವರು ರಸ್ತೆ ಮೇಲೆ ಮಾತ್ರ ಗಮನ ಇಡಬಹುದು.

ಶುರು ಮಾಡಿದ್ದು ಉಜೆಸ್‌ನಲ್ಲಿ. ಹಳೇ ಊರಿನ ಕೆಳಗೆ ಒಂದು ಹಸಿರು ಕಣಿವೆ. ಅಲ್ಲಿನ ಯೂರ್ ಅನ್ನುವ ಬುಗ್ಗೆಯೇ ಕಾಲುವೆಗೆ ನೀರಿನ ಮೂಲ. ಗಾಡಿಯನ್ನು ಮೇಲೆಯೇ ನಿಲ್ಲಿಸಿ ನಡೆದು ಇಳಿಯಬೇಕು. ನೇರ ಲೆಕ್ಕ ಹಾಕಿದರೆ ಇಲ್ಲಿಂದ ನೀಮ್‌ಗೆ ಸುಮಾರು 20 ಕಿ.ಮೀ. ಆದರೆ ನಡುವೆ ಕುರುಚಲು ಗುಡ್ಡಗಳಿವೆ. ಹಾಗಾಗಿ ಕಾಲುವೆ ಪೂರ್ವಕ್ಕೆ ಬಳಸಿಕೊಂಡು ಸುಮಾರು 50 ಕಿ.ಮೀ. ಹರಿಯುತ್ತಿತ್ತು. ಅಷ್ಟು ಉದ್ದಕ್ಕೂ ಒಟ್ಟು ಇಳಿಜಾರು 12 ಮೀಟರ್ ಚಿಲ್ಲರೆ ಅಷ್ಟೇ! "ಕಿಲೋಮೀಟರಿಗೆ ಒಂದು ಗೇಣು ಚಿಲ್ಲರೆ ಕಣೇ. ಇವತ್ತು ಲೆವೆಲ್ ಮೆಷಿನ್ ಇಟ್ಕೊಂಡು ಮಾಡೋಕೂ ಮೈಯೆಲ್ಲಾ ಕಣ್ಣಾಗಿರಬೇಕು" ಅಂದರು. ಇದು ಒಂದನೇ ಶತಮಾನದ ಕೆಲಸ.

ಬಹುಪಾಲು ಕಾಲುವೆ ನೆಲದೊಳಗೇ ಇದೆ. ಗಾರ್ದೋಂ ನದಿಯ ಕಣಿವೆ ಅಡ್ಡ ಬಂದಾಗ ಅದು ಆಕಾಶಕ್ಕೆ ಏರುತ್ತದೆ. ಅದೇ ಪೋಂ ದ್ಯು ಗಾರ್, ಸುಮಾರು 49 ಮೀಟರ್ ಎತ್ತರದ ಮೂರು ಅಂತಸ್ತಿನ ಸೇತುವೆ. ಕೆಳಗೆ 6 ಕಮಾನು, ನಡುವೆ 11, ಮೇಲೆ ಚಿಕ್ಕ ಕಮಾನುಗಳ ಸಾಲು. ಆ ಸಾಲಿನಲ್ಲಿ ಈಗ ಉಳಿದಿರುವುದು 35. ಕೆಳಗಿನ ಎರಡು ಅಂತಸ್ತಿನ ದೊಡ್ಡ ಕಲ್ಲುಗಳಿಗೆ ಗಾರೆಯೇ ಇಲ್ಲ, ಒಂದರ ಮೇಲೊಂದು ಕೂತಿವೆ ಅಷ್ಟೇ. ಗೋಡೆಯಿಂದ ಅಲ್ಲಲ್ಲಿ ಕಲ್ಲುಗಳು ಮುಂದಕ್ಕೆ ಚಾಚಿಕೊಂಡಿವೆ. ಕಟ್ಟುವಾಗ ಸಾರ್ವೆ ನಿಲ್ಲಿಸಲು ಬಿಟ್ಟವು. ಎರಡು ಸಾವಿರ ವರ್ಷದ ಹಿಂದಿನ ಗಾರೆ ಕೆಲಸದವರು ಆಗಷ್ಟೇ ಇಳಿದು ಹೋದಂತಿತ್ತು.

ಮೇಲಿನ ಕಾಲುವೆಯೊಳಗೆ ಗೈಡ್ ಜೊತೆ ಹೋಗಲು ಅವಕಾಶ ಇದೆ. ಖಂಡಿತ ಹೋಗಿ. ಎರಡೂ ಗೋಡೆಗೆ ದಪ್ಪನೆಯ ಸುಣ್ಣದ ಪದರ ಕಟ್ಟಿದೆ. ಬುಗ್ಗೆ ನೀರಿನಲ್ಲಿದ್ದ ಸುಣ್ಣ ಕಾಲಕಾಲಕ್ಕೆ ಕೂತು ಕಾಲುವೆಯನ್ನೇ ಕಿರಿದು ಮಾಡಿತು. ರೋಮನ್ ಆಡಳಿತ ಸಡಿಲವಾದ ಮೇಲೆ ಕೆರೆದು ತೆಗೆಯುವವರೂ ಇಲ್ಲವಾದರು. ನಮ್ಮನೆಯವರು ಆ ಪದರದ ಮೇಲೆ ಕೈ ಇಟ್ಟುಕೊಂಡು ಬಹಳ ಹೊತ್ತು ನಿಂತರು. ರಿಪೇರಿಗೆ ದುಡ್ಡಿಲ್ಲದೆ ಕೆಟ್ಟ ಕಾಲುವೆಗಳನ್ನು ನೋಡಿದವರಲ್ವಾ, ನನಗೆ ಅರ್ಥವಾಯಿತು.

ನಾವು ವಸಂತದಲ್ಲಿ ಹೋಗಿದ್ದೆವು. ಜುಲೈ, ಆಗಸ್ಟ್‌ನಲ್ಲಿ ಬಿಸಿಲೂ ಜನವೂ ವಿಪರೀತ. ಸೆಪ್ಟೆಂಬರ್ ನಂತರ ಜೋರು ಮಳೆ ಬಂದರೆ ಗಾರ್ದೋಂ ಉಕ್ಕುತ್ತದೆ. 2002ರ ಸೆಪ್ಟೆಂಬರ್ ಪ್ರವಾಹದಲ್ಲಿ ಈ ಭಾಗದ ಊರುಗಳು ಮುಳುಗಿದವು, ಸೇತುವೆ ಮಾತ್ರ ನಿಂತಿತು.

ಹೆಚ್ಚಿನವರು ಫೋಟೊ ತೆಗೆದು ಇಲ್ಲಿಂದಲೇ ವಾಪಸ್ ಹೋಗುತ್ತಾರೆ. 50 ಕಿ.ಮೀ. ಕಾಲುವೆಯಲ್ಲಿ ಈ ಸೇತುವೆ 300 ಮೀಟರ್ ಕೂಡ ಇಲ್ಲ! ಹತ್ತಿರದ ಕಾಡಿನ ಹಾದಿಯಲ್ಲೇ ಮುರಿದ ಕಮಾನುಗಳಿವೆ, ಟಿಕೆಟ್ಟೂ ಬೇಕಿಲ್ಲ. ನೀರು ಕೊನೆಗೆ ಎಲ್ಲಿ ಸೇರಿತು ಅಂತ ನೋಡದೆ ಬರುವುದಕ್ಕೆ ನಮಗಂತೂ ಮನಸ್ಸಾಗಲಿಲ್ಲ.

ಅದು ಸೇರಿದ್ದು ನೀಮ್‌ನ ಮನೆಗಳ ನಡುವಿನ ಒಂದು ದುಂಡನೆ ತೊಟ್ಟಿಗೆ. ಹೆಸರು ಕಾಸ್ಟೆಲಮ್. ಮಣ್ಣಲ್ಲಿ ಹೂತಿದ್ದ ಅದು ಸಿಕ್ಕಿದ್ದು 1844ರಲ್ಲಿ. ಅಡ್ಡಗಲ ಐದೂವರೆ ಮೀಟರ್ ಇರಬಹುದು. ಅಂಚಿನ ಗೋಡೆಯಲ್ಲಿ ಹತ್ತು ದುಂಡು ತೂತುಗಳಿವೆ. ಅವುಗಳಿಂದ ಸೀಸದ ಪೈಪುಗಳು ಊರಿನ ಕಡೆ ಹೊರಡುತ್ತಿದ್ದವು. ಬೀದಿಯಲ್ಲೇ ಕಂಬಿಯಾಚೆ ನಿಂತು ನೋಡಬಹುದು. ನಾವಿದ್ದಷ್ಟು ಹೊತ್ತು ಬೇರೆ ಯಾರೂ ಬರಲಿಲ್ಲ. "ನಮ್ಮ ತೂಬು ಇದ್ದ ಹಾಗೇ ಇದೆ ನೋಡು" ಅಂತ ಅವರು ಒಂದೊಂದೇ ತೂತು ತೋರಿಸಿದರು.

ಆಮೇಲೆ ರೋಮನ್ನರ ಬಯಲು ಕ್ರೀಡಾಂಗಣವಾದ ಅರೀನಾ ನೋಡಿದೆವು, ಚೆನ್ನಾಗಿ ಉಳಿದುಕೊಂಡಿರುವ ಮೇಸೋಂ ಕಾರೇ ದೇವಾಲಯವನ್ನೂ ನೋಡಿದೆವು. ಎರಡೂ ಭವ್ಯವಾಗಿವೆ, ಗೈಡ್‌ಬುಕ್ಕುಗಳು ಅವನ್ನು ಬೇಕಾದಷ್ಟು ಹೊಗಳಿವೆ. ಟೈಮ್ ಕಡಿಮೆ ಇದ್ದರೆ ಒರಾಂಜ್ ಬಿಡಿ, ಆರ್ಲ್ ಬೇಕಾದರೂ ಬಿಡಿ. ಆದರೆ ಉಜೆಸ್‌ನ ಬುಗ್ಗೆಯಿಂದಲೇ ಶುರು ಮಾಡಿ, ಈ ತೊಟ್ಟಿಯವರೆಗೂ ಹೋಗಿ.