ಒಲೆ ಹಚ್ಚದ ಕೋಸಂಬರಿ: ಗುಟ್ಟೆಲ್ಲ ನೀರಿನಲ್ಲಿದೆ

ರಾಮನವಮಿಗೆ ಪಾನಕದ ಜೊತೆ ದೊನ್ನೆಯಲ್ಲೊಂದಿಷ್ಟು, ಮದುವೆಮನೆಯಲ್ಲಿ ಎಲೆಯ ತುದಿಗೆ ಒಂದು ಚಮಚ. ಕೋಸಂಬರಿ ನಮ್ಮ ಪಾಲಿಗೆ ಬರುವುದೇ ಇಷ್ಟಿಷ್ಟು. ಆದರೆ ಸಿಲಿಂಡರ್ ಕೈಕೊಟ್ಟ ಬೆಳಿಗ್ಗೆಯೋ, ಅಡುಗೆಮನೆಗೆ ಕಾಲಿಡಲು ಬೇಸರವಾದ ರಾತ್ರಿಯೋ, ಒಲೆಯೇ ಇಲ್ಲದ ಪಿ.ಜಿ. ಕೋಣೆಯಲ್ಲೋ ಒಂದು ಬಟ್ಟಲು ತುಂಬ ಕೋಸಂಬರಿ ಮಾಡಿಕೊಂಡು ನೋಡಿ. ಹೊಟ್ಟೆಗೂ ಆಯಿತು, ನಾಲಗೆಗೂ ಆಯಿತು. ಡಬ್ಬಿಯಲ್ಲಿ ಹೆಸರುಬೇಳೆ ಇದ್ದರೆ ಅರ್ಧ ಕೆಲಸ ಮುಗಿದಂತೆಯೇ.

ಇಷ್ಟು ಸುಲಭದ್ದನ್ನೂ ಕೆಡಿಸಬಹುದು, ನಾನು ಕೆಡಿಸಿದ್ದೇನೆ. ಒಂದು ಗೌರಿ ಹಬ್ಬಕ್ಕೆ ಬೆಳಿಗ್ಗೆ ಹತ್ತಕ್ಕೇ ಉಪ್ಪು, ನಿಂಬೆರಸ ಎಲ್ಲ ಕಲಸಿ ಮುಚ್ಚಿಟ್ಟಿದ್ದೆ. ಎಲೆ ಹಾಕುವಾಗ ಒಂದೂವರೆ ಗಂಟೆ. ಬಡಿಸಿದ ಕೋಸಂಬರಿಯಿಂದ ನೀರು ಇಳಿದು ಪಲ್ಯವನ್ನು ದಾಟಿ ಪಾಯಸದ ಕಡೆ ಹೊರಟಿತ್ತು. ಚಿಕ್ಕಮ್ಮ ಎಲೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಇದೇನೇ, ಕೋಸಂಬರಿನೋ ಸಾರೋ?" ಎಂದರು. ಅಂದಿನಿಂದ ನನಗೆ ಕೋಸಂಬರಿ ಎಂದರೆ ನೀರಿನ ಲೆಕ್ಕ: ಎಲ್ಲಿ ನೀರು ಬೇಕು, ಎಲ್ಲಿ ಬೇಡ ಅಷ್ಟೇ.

ನಾಲ್ಕು ಜನಕ್ಕೆ ಅರ್ಧ ಕಪ್, ಎಂದರೆ ಸುಮಾರು 100 ಗ್ರಾಂ ಹೆಸರುಬೇಳೆ ಸಾಕು. ನೆನೆದರೆ ಒಂದು ಕಪ್ ಆಗುತ್ತದೆ. ಎರಡು ಎಳೆ ಸೌತೆಕಾಯಿ, ಒಂದು ಕ್ಯಾರೆಟ್, ಕಾಲು ಕಪ್ ಕಾಯಿತುರಿ, ಎರಡು ಹಸಿಮೆಣಸಿನಕಾಯಿ, ಬೆರಳ ತುದಿಯಷ್ಟು ಶುಂಠಿ, ಕೊತ್ತಂಬರಿ ಸೊಪ್ಪು, ಅರ್ಧ ಹೋಳು ನಿಂಬೆಹಣ್ಣು, ಚಿಟಿಕೆ ಇಂಗು, ಉಪ್ಪು. ಕಾಯಿ ಒಡೆಯಲು ಆಗದವರು ಒಣಕೊಬ್ಬರಿ ತುರಿದು ಹಾಕಿದರೂ ನಡೆಯುತ್ತದೆ.

ನೆನೆಸುವುದು

ಬೇಳೆಯನ್ನು ಮೂರ್ನಾಲ್ಕು ಸಲ, ನೀರು ತಿಳಿಯಾಗುವವರೆಗೆ ತೊಳೆಯಿರಿ. ಇದು ಬೇಯುವ ಪದಾರ್ಥವಲ್ಲ, ಹಾಗಾಗಿ ಕೊನೆಯ ಸಲ ತೊಳೆಯುವುದೂ ನೆನೆಸುವುದೂ ಕುಡಿಯುವ ನೀರಿನಲ್ಲೇ ಆಗಲಿ. ಬೇಳೆಯ ಮೇಲೆ ಎರಡು ಬೆರಳು ನೀರು ನಿಲ್ಲಬೇಕು. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಸಾಕು.

ಗಡಿಯಾರಕ್ಕಿಂತ ಉಗುರನ್ನು ನಂಬಿ. ಒಂದು ಬೇಳೆಯನ್ನು ಬೆರಳ ಮೇಲಿಟ್ಟು ಹೆಬ್ಬೆರಳಿನ ಉಗುರಿನಿಂದ ಒತ್ತಿದರೆ ಪಟ್ಟನೆ ಎರಡಾಗಬೇಕು, ನಡುವೆ ಸುಣ್ಣದಂಥ ಬಿಳಿ ಚುಕ್ಕೆ ಕಾಣಬಾರದು. ಚುಕ್ಕೆ ಇದ್ದರೆ ಇನ್ನೂ ಹತ್ತು ನಿಮಿಷ ಬಿಡಿ. ಒತ್ತಿದ ಕೂಡಲೇ ಹಿಟ್ಟಿನಂತೆ ನುರಿದರೆ ಹೊತ್ತು ಮೀರಿತು ಎಂದು ಲೆಕ್ಕ. ತಿನ್ನಬಹುದು, ಆದರೆ ಹಲ್ಲಿಗೆ ಸಿಗುವ ಆ ಗರಿ ಇರುವುದಿಲ್ಲ. ಬೆಳಿಗ್ಗೆ ನೆನೆಸಿಟ್ಟು ಆಫೀಸಿಗೆ ಹೋಗಿ ಸಂಜೆ ಬಂದು ಮಾಡುತ್ತೇನೆ ಎನ್ನುವವರು ಹೊರಗಂತೂ ಇಡಬೇಡಿ. ಬೇಸಿಗೆಯಲ್ಲಿ ನೀರು ನೊರೆ ಬಂದು ಹುಳಿವಾಸನೆ ಹಿಡಿಯುತ್ತದೆ. ಒಂದು ಗಂಟೆ ನೆನೆಸಿ, ಬಸಿದು, ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಸಂಜೆಗೆ ಸರಿಯಾಗಿರುತ್ತದೆ.

ಬಸಿಯುವುದು

ಬಹಳ ಜನ ಅವಸರ ಮಾಡುವುದು ಇಲ್ಲೇ. ಪಾತ್ರೆ ಓರೆ ಮಾಡಿ ಕೈ ಅಡ್ಡ ಹಿಡಿದು ನೀರು ಚೆಲ್ಲಿದರೆ ಸಾಲದು. ತೂತಿನ ಪಾತ್ರೆಯಲ್ಲಿ ಹತ್ತು ನಿಮಿಷ ಬಿಡಿ, ಆಮೇಲೆ ಒಗೆದ ಪಂಚೆ ತುಂಡಿನ ಮೇಲೆ ಹರಡಿ. ಅಂಗೈ ಒತ್ತಿ ಎತ್ತಿದಾಗ ಬೇಳೆ ಉದುರಬೇಕು, ಅಂಟಿಕೊಳ್ಳಬಾರದು.

ಸೌತೆಕಾಯಿಯನ್ನು ತುರಿಯಬೇಡಿ

ಸೌತೆಕಾಯಿಯ ನೂರು ಪಾಲಿನಲ್ಲಿ 95 ಪಾಲು ನೀರೇ. ತುರಿಮಣೆಗೆ ಕೊಟ್ಟರೆ ಅದಷ್ಟೂ ಬಟ್ಟಲಿಗಿಳಿಯುತ್ತದೆ. ಅಡುಗೆಭಟ್ಟರು ಮಾಡುವಂತೆ ಕೊಚ್ಚಿ: ಸಿಪ್ಪೆ ತೆಗೆದ ಕಾಯಿಯನ್ನು ಎಡಗೈಯಲ್ಲಿ ನೆಟ್ಟಗೆ ಹಿಡಿದು, ಮೇಲ್ತುದಿಗೆ ಚಾಕುವಿನಿಂದ ಹತ್ತಿರ ಹತ್ತಿರ ಉದ್ದುದ್ದ, ಅಡ್ಡಡ್ಡ ಗೀರು ಹಾಕಿ, ಆ ಪದರವನ್ನು ಸವರಿದರೆ ಸಾಸಿವೆಗಿಂತ ದೊಡ್ಡ, ಕಡಲೆಗಿಂತ ಚಿಕ್ಕ ಚೂರುಗಳು ಉದುರುತ್ತವೆ. ರೂಢಿಯಿಲ್ಲದವರು ಕೈ ಕೊಯ್ದುಕೊಳ್ಳುವುದು ಬೇಡ, ಹಲಗೆಯ ಮೇಲೇ ಸಣ್ಣಗೆ ಹೆಚ್ಚಿಕೊಳ್ಳಿ. ಬೀಜ ಬಲಿತಿದ್ದರೆ ತಿರುಳು ಕೆರೆದು ತೆಗೆಯಿರಿ. ತುದಿ ಕತ್ತರಿಸಿ ಉಜ್ಜಿ ನೊರೆ ಬರಿಸಿದರೆ ಕಹಿ ಹೋಗುತ್ತದೆ ಎನ್ನುತ್ತಾರೆ. ನಾನು ಅದನ್ನು ನೆಚ್ಚಿ ಕೂರುವುದಿಲ್ಲ, ತೊಟ್ಟಿನ ಕಡೆಯ ಒಂದು ಹೋಳು ಬಾಯಿಗೆ ಹಾಕಿ ನೋಡುತ್ತೇನೆ. ಕಾಯಿ ಪೂರ್ತಿ ಕಹಿಯಾಗಿದ್ದರೆ ಬಿಸಾಡುವುದೇ ಸರಿ. ಕ್ಯಾರೆಟ್ಟನ್ನು ಧಾರಾಳವಾಗಿ ತುರಿಯಿರಿ, ಅದು ಅಷ್ಟು ನೀರು ಬಿಡುವುದಿಲ್ಲ.

ಒಗ್ಗರಣೆಯ ಬದಲು

ಸಾಸಿವೆ ಸಿಡಿಯದೆ ಕೋಸಂಬರಿಯೇ ಅಲ್ಲ ಎನ್ನುವವರು ನಮ್ಮ ಮನೆಯಲ್ಲೂ ಇದ್ದಾರೆ. ಅವರಿಗೆ ಹೇಳದೆ ಹೀಗೆ ಮಾಡಿ ಬಡಿಸಿದ್ದೇನೆ: ಹಸಿಮೆಣಸು, ಶುಂಠಿಯನ್ನು ಕಲ್ಲುಪ್ಪಿನ ನಾಲ್ಕು ಹರಳಿನ ಜೊತೆ ಜಜ್ಜಿ, ಇಂಗಿನ ಪುಡಿಯನ್ನು ನಿಂಬೆರಸದಲ್ಲಿ ಕದಡಿ ಎರಡನ್ನೂ ಸೇರಿಸಿಡುವುದು. ಮೇಲೆ ಅರ್ಧ ಚಮಚ ಹಸಿ ಕೊಬ್ಬರಿ ಎಣ್ಣೆ ಬಿದ್ದರೆ ಒಗ್ಗರಣೆ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಮಾವಿನಕಾಯಿ ಕಾಲದಲ್ಲಿ ನಿಂಬೆ ಬಿಟ್ಟು ತೋತಾಪುರಿ ತುರಿಯಿರಿ.

ಬೇಳೆ, ಸೌತೆಕಾಯಿ, ಕ್ಯಾರೆಟ್, ಕಾಯಿತುರಿ, ಸೊಪ್ಪು ಬೆರೆಸಿ ಮುಚ್ಚಿಡಿ. ಉಪ್ಪು ಮತ್ತು ಈ ಖಾರದ ರಸ ಬೀಳಬೇಕಾದದ್ದು ತಟ್ಟೆ ಮುಂದೆ ಬಂದ ಮೇಲೆ. ಉಪ್ಪು ತಾಗಿದ ಹತ್ತು ನಿಮಿಷಕ್ಕೇ ಸೌತೆಕಾಯಿ ನೀರು ಬಿಡತೊಡಗುತ್ತದೆ.

100 ಗ್ರಾಂ ಹೆಸರುಬೇಳೆಯಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದೆ. ನಿಂಬೆಯ ಸಿ ವಿಟಮಿನ್ ಬೇಳೆಯ ಕಬ್ಬಿಣಾಂಶ ಮೈಗೆ ಹತ್ತಲು ನೆರವಾಗುತ್ತದೆ, ಹಾಗಾಗಿ ಹುಳಿ ಬರೀ ರುಚಿಗಲ್ಲ.

ಹೆಸರುಬೇಳೆ ಇಲ್ಲದಿದ್ದರೆ

ಕಡಲೆಬೇಳೆ ಆಗುತ್ತದೆ, ಎರಡು-ಮೂರು ಗಂಟೆ ನೆನೆಯಬೇಕು. ಹೊಟ್ಟೆ ಸೂಕ್ಷ್ಮ ಇರುವವರಿಗೆ ಅದು ಭಾರ. ರಾಜ್ಮಾ ಮಾತ್ರ ನೆನೆಸಿ ಹಸಿಯಾಗಿ ತಿನ್ನುವ ಸಾಹಸಕ್ಕೆ ಹೋಗಬೇಡಿ, ಚೆನ್ನಾಗಿ ಕುದಿಸದ ನಾಲ್ಕೈದು ಕಾಳು ಸಾಕು ವಾಂತಿ ಹಿಡಿಸಲು. ಮೊಳಕೆಕಾಳನ್ನು ಮಕ್ಕಳಿಗೂ ಗರ್ಭಿಣಿಯರಿಗೂ ಹಸಿಯಾಗಿ ಕೊಡದಿರುವುದು ಲೇಸು.

ಬೇಳೆಯೇ ಇಲ್ಲವೇ? ಉತ್ತರ ಕರ್ನಾಟಕದ ಪಚಡಿ ಇದೆಯಲ್ಲ. ಎಳೆ ಮೆಂತ್ಯೆ ಸೊಪ್ಪು, ಉಳ್ಳಾಗಡ್ಡಿ, ಸೌತೆಕಾಯಿ ಹೆಚ್ಚಿ, ಶೇಂಗಾ ಪುಡಿ, ಖಾರಪುಡಿ, ಉಪ್ಪು ಉದುರಿಸಿ, ಒಂದು ಚಮಚ ಹಸಿ ಎಣ್ಣೆ ಹಾಕಿ ಕಲಸಿದರೆ ಮುಗಿಯಿತು. ಅಲ್ಲಿ ನೀರಿನ ಚಿಂತೆಯೂ ಕಡಿಮೆ, ಬಿಟ್ಟ ನೀರನ್ನು ಶೇಂಗಾ ಪುಡಿ ಹೀರಿಕೊಳ್ಳುತ್ತದೆ. ಡಬ್ಬಿಯಲ್ಲಿ ಕಟಕ್ ರೊಟ್ಟಿ ಇದ್ದರಂತೂ ಒಲೆಯ ನೆನಪೇ ಆಗುವುದಿಲ್ಲ.

ಕೋಸಂಬರಿ ಉಳಿದರೆ ಹೊರಗಿಡಬೇಡಿ, ಹಸಿ ಕಾಯಿತುರಿ ಬೇಗ ಹಳಸುತ್ತದೆ. ಫ್ರಿಜ್ಜಿನಲ್ಲಿಟ್ಟು ಮಾರನೆಯ ಬೆಳಿಗ್ಗೆ ಅಕ್ಕಿಹಿಟ್ಟಿಗೆ ಸುರಿದು ರೊಟ್ಟಿ ತಟ್ಟಿ. ರಾತ್ರಿಯೆಲ್ಲ ಅದು ಬಿಟ್ಟುಕೊಂಡ ನೀರೇ ಹಿಟ್ಟು ಕಲಸಲು ಹೆಚ್ಚುಕಡಿಮೆ ಸಾಕಾಗುತ್ತದೆ.