ಗಿಡ ಉಳಿಸಲು ಹೊರಟವರ ಕೈಗೆ ಮೊದಲು ಟೇಪು

ವಿಶ್ವವಿದ್ಯಾಲಯದ ಪಕ್ಕದ ನಮ್ಮ ರಸ್ತೆಯ ಮರಗಳ ತೊಗಟೆ ಕೆತ್ತಿ ಕೆಂಪು ಬಣ್ಣದಲ್ಲಿ ನಂಬರ್ ಬರೆದು ಹೋಗಿದ್ದರು. ರಸ್ತೆ ಅಗಲ ಮಾಡುತ್ತಾರಂತೆ. ಬಸ್ಸಿಗೇ ಬೇರೆ ದಾರಿ ಮಾಡಿದ ಬಿಆರ್‌ಟಿಎಸ್ ಕಾಮಗಾರಿಯಲ್ಲಿ ಹುಬ್ಬಳ್ಳಿ ರಸ್ತೆಯ ನೆರಳು ಹೋಗಿದ್ದನ್ನು ಕಂಡ ಧಾರವಾಡದವರಿಗೆ ಆ ನಂಬರ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

'ಅಪ್ಪಿಕೋ ಮಾಡೋಣ' ಎಂದರು ಓಣಿಯ ಹುಡುಗರು. 1983ರಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯವರು ಮರ ತಬ್ಬಿ ನಿಂತ ಕತೆ ಎಲ್ಲರಿಗೂ ಗೊತ್ತು. ನಾನು ಬೇಡ ಅನ್ನಲಿಲ್ಲ. ಆದರೆ ಮೊದಲು ಕಾಗದ ನೋಡೋಣ ಎಂದೆ.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಐವತ್ತಕ್ಕಿಂತ ಜಾಸ್ತಿ ಮರ ಇದ್ದರೆ ಸಾರ್ವಜನಿಕರ ಆಕ್ಷೇಪಣೆಯನ್ನೂ ಕೇಳಬೇಕು. ನೀಲಗಿರಿ, ಸಿಲ್ವರ್ ಓಕ್, ತೆಂಗಿಗೆ ಅನುಮತಿಯೇ ಬೇಕಿಲ್ಲ. ಹಾಗಾಗಿ ಅವುಗಳಿಗಾಗಿ ಸುಮ್ನೆ ಜಗಳ ಆಡಲಿಲ್ಲ.

ಮಾಹಿತಿ ಹಕ್ಕಿನ ಅರ್ಜಿ ಹಾಕಿದೆವು. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಸಿಟ್ಟನ್ನೆಲ್ಲ ಅದರೊಳಗೆ ತುರುಕಲು ಹೋಗಬೇಡಿ. ಅನುಮತಿ ಅರ್ಜಿ, ಮರಗಳ ಯಾದಿ, ನಕ್ಷೆ, ಇಷ್ಟರ ಪ್ರತಿ ಕೇಳಿದರೆ ಸಾಕು.

ಉತ್ತರ ಬರುವವರೆಗೆ ನಮ್ಮದೇ ಯಾದಿ ಮಾಡಿದೆವು. ಮರದ ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ನಾಲ್ಕೂವರೆ ಅಡಿಗೆ, ಅಳೆಯುವುದು ರೂಢಿ. ಒಂದು ಕೋಲಿಗೆ ಆ ಎತ್ತರದಲ್ಲಿ ನೇಲ್ ಪಾಲಿಶ್ ಗುರುತು ಹಾಕಿಕೊಂಡೆವು. ಟೇಲರ್ ಟೇಪು ಬೇವಿಗೆ ಸಾಲುತ್ತಿತ್ತು, ರೇನ್ ಟ್ರೀಗೆ ಸಾಲಲಿಲ್ಲ. ಅದಕ್ಕೆ ಸುತಳಿ ಸುತ್ತಿ, ಗಂಟು ಹಾಕಿ, ಬಿಚ್ಚಿ ನೆಲದ ಮೇಲೆ ಅಳೆದೆವು. ನಿವೃತ್ತ ಮಾಸ್ತರರೊಬ್ಬರು ನೋಟ್‌ಬುಕ್ ಹಿಡಿದರು. ಜಾತಿ, ಸುತ್ತಳತೆ, ಕಾಂಪೌಂಡ್‌ನಿಂದ ದೂರ, ಫೋಟೊ, ಎಲ್ಲ ದಾಖಲಾಯಿತು.

ಪೇರಲ ಹಣ್ಣು ಮಾರುವವ ನೋಡುತ್ತ ನಿಂತಿದ್ದ. 'ಗಿಡಾ ಹೋದ್ರ ನಾ ಎಲ್ಲಿ ಕೂಡ್ಲಿರೀ ಅಕ್ಕಾರ?' ಎಂದ. ಅವನದೂ ಒಂದು ಆಕ್ಷೇಪಣೆ ಬರೆಸಿ ಸಹಿ ಹಾಕಿಸಿದೆವು.

ಕಾಗದ ಬಂತು. ಒಂದೇ ರಸ್ತೆಯನ್ನು ಎರಡು ತುಂಡು ಮಾಡಿ ಅರ್ಜಿ ಹಾಕಿದ್ದರು. ಎರಡರಲ್ಲೂ ಐವತ್ತರೊಳಗೇ ಮರ! ನಮ್ಮ ಯಾದಿಯ ಪಕ್ಕ ಅವರದನ್ನು ಇಟ್ಟು ತೋರಿಸಿದ ಮೇಲೆ ಆಕ್ಷೇಪಣೆ ಕೇಳುವ ನೋಟಿಸ್ ಹೊರಟಿತು, ಸ್ಥಳ ಪರಿಶೀಲನೆಯೂ ಆಯಿತು.

'ಎಲ್ಲಾ ಉಳಸ್ರಿ ಅಂದ್ರ ರಸ್ತೆ ಆಗೂದಿಲ್ರೀ' ಎಂದರು ಎಂಜಿನಿಯರ್. ಆ ಮಾತು ನಿಜವೂ ಹೌದು. ಅದಕ್ಕೇ ನಾವು ಒಂದು ಚಿತ್ರ ಬರೆದು ಒಯ್ದಿದ್ದೆವು: ಕಾಂಪೌಂಡ್ ಬದಿಯ ಸಾಲು ಹಾಗೇ ಇರಲಿ, ಫುಟ್‌ಪಾತ್ ಅದರ ಹಿಂದೆ ಹೋಗಲಿ, ಗಟಾರ ಎದುರು ಬದಿಗೆ ಬರಲಿ. ಒಳಗೆ ಟೊಳ್ಳಾದ ಬೇವನ್ನು ನಾವೇ ತೋರಿಸಿ ಬಿಟ್ಟುಕೊಟ್ಟೆವು. ಕಿತ್ತು ಬೇರೆ ಕಡೆ ನೆಡುತ್ತೇವೆ ಅನ್ನುವ ಮಾತಿಗೆ ಮಾತ್ರ ಒಪ್ಪಲಿಲ್ಲ. ಬೇರು, ಟೊಂಗೆ ಎಲ್ಲ ಕತ್ತರಿಸಿದ ದೊಡ್ಡ ಮರಕ್ಕೆ ಆಮೇಲೆ ವರ್ಷಗಟ್ಟಲೆ ನೀರು ಹಾಕುವವರು ಯಾರು?

ಕೊನೆಗೆ ಕಾಂಪೌಂಡ್ ಬದಿಯ ಸಾಲು ಉಳಿಯಿತು. ಎದುರು ಬದಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೋದವು. ಈಗ ಫುಟ್‌ಪಾತ್ ಕೆಲಸ ನಡೆದಿದೆ, ಬುಡದವರೆಗೂ ಕಾಂಕ್ರೀಟ್ ಸುರಿಯುತ್ತಿದ್ದಾರೆ. ಮರದ ಸುತ್ತ ಒಂದು ಮೀಟರ್ ಮಣ್ಣು ಬಿಡಬೇಕು ಎಂದು ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಗೆ ಕೊಟ್ಟ ಆದೇಶದ ಪ್ರತಿ ಹಿಡಿದು ನಾಳೆ ಮತ್ತೆ ಹೋಗುತ್ತಿದ್ದೇವೆ.